ಕಾಯಿಸದೇ ಕುದಿದ ನೀರು

ಅರಿಜೋನಾದ ಪೇಜ್ ಊರಿಗೆ ಹೋಗುವವರು ಮೊದಲು ಗಡಿಯಾರ ನೋಡಿಕೊಳ್ಳಿ. ಬೇಸಿಗೆಯಲ್ಲಿ ಪಕ್ಕದ ಯೂಟಾ ಗಂಟೆ ಮುಂದಿಡುತ್ತದೆ, ಪೇಜ್ ಇಡುವುದಿಲ್ಲ. ನನ್ನ ಮೊಬೈಲು ಯಾವುದೋ ಟವರ್ ಹಿಡಿದು ಒಂದು ಗಂಟೆ ಮುಂದೆ ಓಡಿತ್ತು. ಆಂಟಿಲೋಪ್ ಕ್ಯಾನಿಯನ್ ಟೂರಿಗೆ ತಿಂಡಿ ಬಿಟ್ಟು ಓಡಿದ್ದೇ ಬಂತು, ಸುಮ್ನೆ ಬಿಸಿಲಲ್ಲಿ ಬೆಂದೆವು. ಆ ಕ್ಯಾನಿಯನ್ನೋ, ನನಗೆ ಫೋಟೋದಲ್ಲೇ ಚೆನ್ನಾಗಿ ಕಂಡಿತ್ತು.

ಮನಸ್ಸಲ್ಲಿ ಉಳಿದದ್ದು ಗ್ಲೆನ್ ಕ್ಯಾನಿಯನ್ ಅಣೆಕಟ್ಟು. 710 ಅಡಿ ಎತ್ತರ. ಎದುರಿನ ಸೇತುವೆಯಿಂದ ಬಗ್ಗಿದರೆ ಕಾಲು ಜುಮ್ಮೆನ್ನುತ್ತದೆ. ಪಂಪ್ ರಿಪೇರಿಯಲ್ಲೇ ಕೂದಲು ಹಣ್ಣಾದ ಭಾವ ಅಲ್ಲೇ ಕಥೆ ಶುರು ಮಾಡಿದರು.

1983ರ ಬೇಸಿಗೆ. ಹಿಮ ಕರಗಿ ಕೊಲರಾಡೋ ನದಿ ಉಕ್ಕಿತು. ಗೇಟುಗಳ ಮೇಲೆ ಪ್ಲೈವುಡ್ ನಿಲ್ಲಿಸಿ ನೀರು ತಡೆದರಂತೆ, ಪ್ಲೈವುಡ್! ಬಂಡೆಯೊಳಗಿನ 41 ಅಡಿ ಅಗಲದ ಸುರಂಗಗಳಲ್ಲಿ ನೀರು ಬಿಟ್ಟರು. ಗುಡುಗುಡು ಸದ್ದು. ಆಚೆ ಬಾಯಿಂದ ಕೆಂಪು ನೀರು, ಕಾಂಕ್ರೀಟ್ ಚೂರು. ಆಮೇಲೆ ಒಳಗಿಳಿದು ನೋಡಿದರೆ ಎಡ ಸುರಂಗದಲ್ಲಿ 32 ಅಡಿ ಆಳದ ಗುಂಡಿ.

‘‘ಬಂಡೆ ಉರುಳಿ ಬಂತಾ ಭಾವ?’’

‘‘ಇಲ್ಲ ಕಣಮ್ಮ, ಗುಳ್ಳೆ.’’

ನಾನು ನಕ್ಕೆ. ಅವರು ನಗಲಿಲ್ಲ.

‘‘ಬೋರ್ ನೀರಿನ ಬಕೆಟ್ಟಿಗೆ ಬಿಳಿ ಸುಣ್ಣ ಕಟ್ಟುತ್ತಲ್ಲ, ಅಂಥದ್ದೇ ಸುರಂಗದ ಗೋಡೆಗೂ ಕಟ್ಟಿತ್ತು. ರಭಸದ ನೀರು ಅದನ್ನ ಹಾರಿದಾಗ ಹಿಂದೆ ಒತ್ತಡ ಕುಸಿಯುತ್ತೆ. ತಣ್ಣೀರೇ ಕುದ್ದು ಆವಿ ಗುಳ್ಳೆ ಏಳುತ್ತೆ. ಮುಂದೆ ಒತ್ತಡ ಏರಿದ ಕಡೆ ಗುಳ್ಳೆ ಪಟ್ ಅಂತ ಒಳಕ್ಕೆ ಕುಸಿಯುತ್ತೆ. ಒಂದೊಂದೂ ಸುತ್ತಿಗೆ ಏಟು. ಕಾಂಕ್ರೀಟ್ ಕಿತ್ತಷ್ಟೂ ಗುಳ್ಳೆ ಜಾಸ್ತಿ. ಪಂಪಿನೊಳಗೆ ಜಲ್ಲಿ ಹಾಕಿದ ಹಾಗೆ ಗರಗರ ಅನ್ನಲ್ವಾ? ಅದೂ ಇದೇ, ಕ್ಯಾವಿಟೇಷನ್ನು.’’

‘‘ರಿಪೇರಿ ಹೇಗೆ ಮಾಡಿದ್ರು?’’

‘‘ಗುಂಡಿ ಮುಚ್ಚಿ, ಸುರಂಗದ ಒಳಗೋಡೆ ಸುತ್ತ ಒಂದು ತೋಡು ಕೊರೆದರು. ಅಲ್ಲಿ ನೀರಿಗೆ ಗಾಳಿ ಸೇರುತ್ತೆ.’’

‘‘ಗುಳ್ಳೆಗೆ ಗುಳ್ಳೆಯೇ ಮದ್ದಾ?’’

‘‘ಅದು ಆವಿ, ಇದು ಗಾಳಿ. ಗಾಳಿ ದಿಂಬಿನ ಹಾಗೆ, ಏಟು ನುಂಗುತ್ತೆ.’’

ಕಾರಿನಿಂದ ಅಕ್ಕ ಕೂಗಿದಳು: ‘‘ಪಂಪ್ ಪುರಾಣ ಮುಗೀತಾ? ಗಂಟೆ ಆರಾಯ್ತು!’’

ಯಾವ ಗಡಿಯಾರದ್ದು ಅಂತ ಕೇಳಿದೆ.