ಜೂನ್‌ನಲ್ಲೇ ಮುಗಿಯುವ ಸೇಬು

ಮರುಭೂಮಿಯ ಬಿಸಿಲಲ್ಲಿ ಸೇಬು ಬೆಳೆಯುತ್ತೇನೆ ಅಂದರೆ ಜನ ಸುಲಭಕ್ಕೆ ನಂಬುವುದಿಲ್ಲ. ನಂಬಿದವರು ಕೇಳುವುದು ಒಂದೇ ಪ್ರಶ್ನೆ: "ಚಳಿ ಸಾಕಾಗುತ್ತಾ?" ಕೇಳಬೇಕಾದ ಪ್ರಶ್ನೆಯೇ. ಆದರೆ ಗಿಡ ಆರಿಸುವಾಗ ನಾನು ಅದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಹಣ್ಣು ಯಾವ ತಿಂಗಳಲ್ಲಿ ಮಾಗುತ್ತೆ ಅನ್ನುವುದಕ್ಕೆ.

ಚಳಿಯ ಮಾತು ಮೊದಲು ಮುಗಿಸಿಬಿಡುತ್ತೇನೆ. ಸೇಬಿನ ಮೊಗ್ಗು ನಿದ್ದೆಯಿಂದ ಏಳಬೇಕಾದರೆ ಚಳಿಗಾಲದಲ್ಲಿ ಒಂದಷ್ಟು ಗಂಟೆ ತಂಪು ಬೇಕು. ಸಾಮಾನ್ಯವಾಗಿ 0ಯಿಂದ 7 ಡಿಗ್ರಿ ನಡುವಿನ ಗಂಟೆಗಳನ್ನು ಎಣಿಸುತ್ತಾರೆ. ಇದನ್ನೇ ಚಿಲ್ ಅವರ್ಸ್ ಅನ್ನುವುದು. ತಂಪು ಸೀಮೆಯ ಎಷ್ಟೋ ತಳಿಗಳಿಗೆ 800ರಿಂದ 1000 ಗಂಟೆ ಬೇಕು. ಬಿಸಿ ಮರುಭೂಮಿಯಲ್ಲಿ 300 ಸಿಕ್ಕರೆ ಪುಣ್ಯ. ಚಳಿ ಸಾಲದಿದ್ದರೆ ಮರವೇನೂ ಸಾಯುವುದಿಲ್ಲ. ಕೊಂಬೆಯ ತುದಿಯಲ್ಲಿ ನಾಲ್ಕು ಎಲೆ ಬಿಟ್ಟು, ನಡುವೆ ಬೋಳಾಗಿ ನಿಲ್ಲುತ್ತದೆ. ಹೂವೂ ಅಷ್ಟೇ, ಒಂದೊಂದಾಗಿ ವಾರಗಟ್ಟಲೆ ಬರುತ್ತದೆ. ಹೀಗೆ ಬಂದರೆ ಕಾಯಿ ಕಟ್ಟುವುದು ಕಷ್ಟ.

ಈ ಜರಡಿಯಲ್ಲಿ ಉಳಿಯುವುದು ಕೆಲವೇ ಹೆಸರು. ಅನ್ನಾ, ಐನ್ ಶೆಮರ್, ಡಾರ್ಸೆಟ್ ಗೋಲ್ಡನ್. ಮೊದಲೆರಡೂ ಇಸ್ರೇಲಿನವು. ಡಾರ್ಸೆಟ್ ಗೋಲ್ಡನ್ ಬಂದದ್ದು ಬಹಾಮಾಸ್ ದ್ವೀಪದಿಂದ, ಹಿಮವೇ ಕಾಣದ ಊರಿನ ಸೇಬು! ಹಿಮಾಚಲದ ಬಿಲಾಸ್‌ಪುರದಲ್ಲಿ ಹರಿಮನ್ ಶರ್ಮಾ ಬೆಳೆಸಿದ ಎಚ್‌ಆರ್‌ಎಂಎನ್-99 ಕೂಡ ಕಡಿಮೆ ಚಳಿಯ ತಳಿಯೇ. ಪಿಂಕ್ ಲೇಡಿಗೆ ಸುಮಾರು 400 ಗಂಟೆ ಬೇಕು, ಸ್ವಲ್ಪ ಎತ್ತರದ ಜಾಗದಲ್ಲಿ ನಡೆಯುತ್ತದೆ.

ಈಗ ತಿಂಗಳಿನ ವಿಷಯ. ಅನ್ನಾ ಫೆಬ್ರವರಿ ಹೊತ್ತಿಗೆ ಹೂ ಬಿಟ್ಟು ಜೂನ್‌ನಲ್ಲಿ ಹಣ್ಣಾಗುತ್ತದೆ. ಡಾರ್ಸೆಟ್ ಗೋಲ್ಡನ್ ಕೂಡ ಹೆಚ್ಚುಕಡಿಮೆ ಆಗಲೇ. ಅಂದರೆ ಬೇಸಿಗೆಯ ಅತಿ ಕೆಟ್ಟ ವಾರಗಳು ಬರುವಷ್ಟರಲ್ಲಿ ಮರದ ಮೇಲೆ ಕಾಯಿ ಇರುವುದಿಲ್ಲ. ಪಿಂಕ್ ಲೇಡಿಗೆ ಹೂವಿನಿಂದ ಹಣ್ಣಿಗೆ ಸುಮಾರು 200 ದಿನ. ಪಾಪ, ಇಡೀ ಬೇಸಿಗೆ ಕೊಂಬೆಯಲ್ಲೇ ನೇತಾಡಬೇಕು.

ನೇತಾಡಿದರೆ ಏನಾಗುತ್ತದೆ ಅಂತ ಬೇಕಾದರೆ ಪಡುವಣ ಬಿಸಿಲಿಗೆ ಮುಖ ಮಾಡಿದ ಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿ. ಗಾಳಿ 40 ಡಿಗ್ರಿ ಇದ್ದಾಗ ಬಿಸಿಲಲ್ಲಿರುವ ಸಿಪ್ಪೆ 50 ದಾಟಬಹುದು. ಮೊದಲು ಹಳದಿ ಮಚ್ಚೆ, ಆಮೇಲೆ ಚರ್ಮದಂಥ ಕಂದು ತೇಪೆ. ಕತ್ತರಿಸಿದರೆ ತೇಪೆಯ ಅಡಿಯ ತಿರುಳು ಬೆಂಡು. ಹಿಂದಿನ ನೆರಳಿನ ಮಗ್ಗುಲು ಮಾತ್ರ ಚೆನ್ನಾಗಿರುತ್ತದೆ. ನೆರಳು ಬಲೆ ಹಾಕಿ ಪಿಂಕ್ ಲೇಡಿ ಬೆಳೆಯುವವರಿದ್ದಾರೆ, ರುಚಿಗೆ ಅನ್ನಾ ಅದರ ಹತ್ತಿರ ಬರುವುದಿಲ್ಲ, ಒಪ್ಪುತ್ತೇನೆ. ನನಗೆ ಅಷ್ಟು ತಾಳ್ಮೆ ಇಲ್ಲ.

ಅನ್ನಾದಲ್ಲೂ ತಕರಾರಿದೆ. ಜಾಸ್ತಿ ದಿನ ಇಟ್ಟರೆ ಹಿಟ್ಟುಹಿಟ್ಟಾಗುತ್ತದೆ. ಇನ್ನೊಂದು, ರಾತ್ರಿ ತಂಪಾಗದ ಕಡೆ ಕೆಂಪು ಬಣ್ಣ ಸರಿಯಾಗಿ ಏರುವುದೇ ಇಲ್ಲ. ಕೆಂಪಾಗಲಿ ಅಂತ ಸುಮ್ನೆ ಕಾಯುತ್ತಾ ಕೂತರೆ ಹಣ್ಣು ಕೈ ತಪ್ಪುತ್ತದೆ. ನಾನು ಒಂದು ಹಣ್ಣು ಕಿತ್ತು ಸೀಳಿ ಬೀಜ ನೋಡುತ್ತೇನೆ. ಬೀಜ ಕಂದಾಗಿದ್ದು, ಸಿಪ್ಪೆಯ ಹಸಿರು ಹಳದಿಗೆ ತಿರುಗಿದ್ದರೆ ಬುಟ್ಟಿ ತರಬಹುದು.

ನರ್ಸರಿಯಲ್ಲಿ ತಳಿಯ ಹೆಸರು ಕೇಳಿ ಸುಮ್ಮನಾಗಬೇಡಿ, ಯಾವ ರೂಟ್‌ಸ್ಟಾಕ್ (ಕಸಿಗೆ ಬುಡವಾಗುವ, ಬೇರು ಕೊಡುವ ಗಿಡ) ಮೇಲೆ ಕಸಿ ಮಾಡಿದ್ದು ಅಂತಲೂ ಕೇಳಿ. ಕುಳ್ಳ ಮರ ಕೊಡುವ ಎಂ-9 ಮುದ್ದಾಗಿ ಕಾಣುತ್ತದೆ, ಆದರೆ ಅದರ ಬೇರು ಮೇಲುಮೇಲೆ. ಬಿಸಿ ಮಣ್ಣಿಗೆ, ಬರಕ್ಕೆ ಎಂಎಂ-111 ವಾಸಿ. ಮರ ದೊಡ್ಡದಾಗುತ್ತದೆ, ಸವರಿಕೊಂಡರಾಯಿತು. ನೆಟ್ಟ ದಿನವೇ ಕಾಂಡಕ್ಕೆ ನೀರು ಬೆರೆಸಿದ ಬಿಳಿ ಲೇಟೆಕ್ಸ್ ಪೇಂಟ್ ಬಳಿಯಿರಿ. ಎಳೆ ತೊಗಟೆಯೂ ಕಾಯಿಯ ಹಾಗೇ ಸುಡುತ್ತದೆ, ಸುಟ್ಟ ಜಾಗಕ್ಕೆ ಕೊರಕ ಹುಳು ಬರುತ್ತದೆ.

ಎರಡು ಗಿಡಕ್ಕೆ ಜಾಗ ಇದ್ದರೆ ಅನ್ನಾ ಮತ್ತು ಡಾರ್ಸೆಟ್ ಗೋಲ್ಡನ್ ಜೋಡಿ ಹಾಕಿ. ಎರಡೂ ಒಟ್ಟಿಗೇ ಹೂ ಬಿಡುವುದರಿಂದ ಕಾಯಿ ಕಟ್ಟಲು ಬೇಕಾದ ಪರಾಗ ಒಂದರಿಂದ ಇನ್ನೊಂದಕ್ಕೆ ಸಿಗುತ್ತದೆ, ಆ ಚಿಂತೆ ಇಲ್ಲ. ಒಂದಕ್ಕೇ ಜಾಗ ಅಂದರೆ ಅದೇ ಗುಂಡಿಯಲ್ಲಿ ಒಂದು ಮೊಳ ಬಿಟ್ಟು ಎರಡನ್ನೂ ನೆಡಿ, ಒಂದನ್ನು ಆ ಕಡೆಗೆ, ಇನ್ನೊಂದನ್ನು ಈ ಕಡೆಗೆ ವಾಲಿಸಿ.