ಸಿಕ್ಸ್ ಹೊಡೆಯೋಕೆ ಬರಲ್ವಾ ನಿಮಗೆ?

ಭಾನುವಾರ ಬೆಳಿಗ್ಗೆ ಆಫೀಸಿನವರೆಲ್ಲ ಸೇರಿ ಆಡುವಾಗ ಈ ಪ್ರಶ್ನೆ ಬಂದೇ ಬರುತ್ತದೆ. ಕೊನೇ ಓವರ್, ಹದಿನಾಲ್ಕು ರನ್ ಬೇಕು. ನಾನು ಮಾತ್ರ ಬಾಲನ್ನು ನೆಲಕ್ಕೇ ತಳ್ಳುತ್ತಾ ನಿಂತಿರುತ್ತೇನೆ. "ಎತ್ತಿ ಹೊಡೀರಿ ಸಾರ್, ಸಿಕ್ಸ್ ಹೊಡೆಯೋಕೆ ಬರಲ್ವಾ?"

ಬರಲ್ಲ. ನಾನು ಆಟ ಕಲಿತ ಕೇರಿಯಲ್ಲಿ ಸಿಕ್ಸ್ ಹೊಡೆದರೆ ಔಟ್.

ತೀರ್ಥಹಳ್ಳಿ ಕಡೆಯ ಕೇರಿ ಅದು. ಅಸಲಿ ಪಿಚ್ 22 ಗಜ ಅಲ್ವಾ, ನಮ್ಮದು ಹದಿನೈದು ಹೆಜ್ಜೆ. ಆ ಹೆಜ್ಜೆ ಎಷ್ಟುದ್ದ ಅನ್ನೋದು ಬ್ಯಾಟ್ ಯಾರದ್ದು ಅನ್ನೋದರ ಮೇಲೆ. ಲೈಟ್ ಕಂಬವೇ ವಿಕೆಟ್. ನೇರ ಹೊಡೆದರೆ ಅಜ್ಜಯ್ಯನ ಅಂಗಳ, ಲೆಗ್ಗಿಗೆ ಹೊಡೆದರೆ ಹೆಂಚಿನ ಮಾಡು. ಆಫ್ ಸೈಡಿನಲ್ಲಿ ಮಾತ್ರ ಒಂದು ಖಾಲಿ ಸೈಟು. ಹಾಗಾಗಿ ಕೇರಿಯ ಹುಡುಗರಿಗೆಲ್ಲ ಗೊತ್ತಿದ್ದದ್ದು ಒಂದೇ ಶಾಟ್, ಸ್ಕ್ವೇರ್ ಕಟ್. ಸ್ಕ್ವೇರ್ ಕಟ್ಟಿಗೆ ಹೆಸರಾದ ಜಿ.ಆರ್. ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ. ಅದು ನಮ್ಮ ಜಿಲ್ಲೆಯ ನೀರಿನ ಗುಣ ಎಂದು ಜಂಭ ಕೊಚ್ಚುತ್ತಿದ್ದೆವು. ಅವರು 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟಿನಲ್ಲಿ ಸೊನ್ನೆಗೆ ಔಟಾಗಿ, ಎರಡನೇ ಇನಿಂಗ್ಸಿನಲ್ಲಿ 137 ಹೊಡೆದರು. ನಮ್ಮಲ್ಲಿ ಸೊನ್ನೆಗೆ ಔಟಾದವರೆಲ್ಲ ಇದನ್ನೇ ಹೇಳಿ ಇನ್ನೊಂದು ಬ್ಯಾಟಿಂಗ್ ಕೇಳುತ್ತಿದ್ದರು.

ಮಳೆಗಾಲದಲ್ಲೂ ಆಟ ನಿಲ್ಲುತ್ತಿರಲಿಲ್ಲ. ಟೆನ್ನಿಸ್ ಬಾಲು ನೀರು ಕುಡಿದು ಕಲ್ಲಾಗುತ್ತಿತ್ತು. ರಾತ್ರಿ ಬಚ್ಚಲೊಲೆಯ ಪಕ್ಕ ಇಟ್ಟು ಒಣಗಿಸುತ್ತಿದ್ದೆವು. ಒಂದು ಸಲ ಒಲೆಗೆ ತೀರಾ ಹತ್ತಿರ ಇಟ್ಟು, ಮಾರನೇ ದಿನ ಮನೆಯವರೆಲ್ಲ ಸುಟ್ಟ ರಬ್ಬರಿನ ವಾಸನೆಯಲ್ಲೇ ಸ್ನಾನ ಮಾಡಿದರು.

ಆದರೆ ನಿಜವಾದ ಗಂಡಾಂತರ ಅಡಿಕೆ ಸುಗ್ಗಿಯಲ್ಲಿ. ಅಜ್ಜಯ್ಯನ ಅಂಗಳದಲ್ಲಿ ಹಂಡೆ ಏರಿರುತ್ತಿತ್ತು. ಸುಲಿದ ಅಡಿಕೆಯನ್ನು ಚೊಗರು, ಅಂದರೆ ಹಿಂದೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸ, ಹಾಕಿ ಬೇಯಿಸುವ ಹಂಡೆ. ಆವತ್ತು ನನಗೆ ಏನು ಬಂತೋ, ಕಾಲಡಿಗೆ ಬಿದ್ದ ಬಾಲನ್ನು ಸುಮ್ನೆ ಎತ್ತಿ ನೇರಕ್ಕೆ ಬಾರಿಸಿದೆ. ಎಂಥಾ ಏಟು ಅಂತೀರಿ! ಕಾಂಪೌಂಡ್ ದಾಟಿತು. ಒಂದು ಕ್ಷಣ ಸದ್ದಿಲ್ಲ. ಆಮೇಲೆ 'ಬುಳುಕ್'.

ಹೊಡೆದವನೇ ಹೋಗಿ ತರಬೇಕು. ಹೋದೆ. ಅಜ್ಜಯ್ಯ ಅಡಿಕೆ ತೆಗೆಯುವ ಸೌಟಿನಲ್ಲಿ ಬಾಲನ್ನು ಎತ್ತಿ ಹಿಡಿದು, ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಎಂತದೋ ಇದು? ಮಂಡಿಗೆ ತಗಂಡು ಹೋದ್ರೆ ಯಾವ ದರ್ಜೆ ಅಡಿಕೆಗೆ ಸೇರಿಸ್ತಾರೆ, ಬೆಟ್ಟೆಗೋ ಗೊರಬಲಿಗೋ?"

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸುತ್ತ ಅಡಿಕೆ ಸುಲಿಯುತ್ತಾ ಕೂತಿದ್ದ ಹೆಂಗಸರ ನಗು ಕೇರಿ ತುದಿಗೂ ಕೇಳಿಸಿರಬೇಕು. ಆವತ್ತಿಂದ ಇವತ್ತಿನ ತನಕ ನಾನು ಬಾಲನ್ನು ಎತ್ತಿ ಹೊಡೆದಿಲ್ಲ.

ಬಾಲಿನ ಪುಟಿತ ಅರ್ಧ ಹೋಗಿತ್ತು. ಬಣ್ಣ ಮಾತ್ರ ಟೆಸ್ಟ್ ಮ್ಯಾಚ್ ಬಾಲಿನ ಹಾಗೆ ಕೆಂಪು. ಅದನ್ನು ನೋಡಿದ್ದೇ ತಡ, ನಮ್ಮ ಬೌಲರು ಚಡ್ಡಿಗೆ ಉಜ್ಜಲು ಶುರು ಮಾಡಿದ. ಆಮೇಲೆ ಎಲ್ಲರೂ ಬೌಲರುಗಳೇ. ಚೊಗರು ಬಟ್ಟೆಗೆ ಹತ್ತಿದರೆ ಹೋಗಲ್ಲ ಅನ್ನೋದು ನಮಗೆ ನೆನಪಾಗಲಿಲ್ಲ, ಅಮ್ಮಂದಿರಿಗೆ ನೆನಪಿತ್ತು. ಆ ಸಂಜೆ ಕೇರಿಯಲ್ಲಿ ಒಂಬತ್ತು ಚಡ್ಡಿ, ಒಂಬತ್ತರ ಬಲತೊಡೆಯ ಮೇಲೂ ಒಂದೇ ಕಲೆ. ಯಾರ್ಯಾರು ಆಡಿದ್ದು ಅಂತ ಯಾರನ್ನೂ ಕೇಳಬೇಕಾಗಿ ಬರಲಿಲ್ಲ.