ಹಡಗಿನ ಮೇಲಿನ ವೈರ್ ರೋಪು: ಹಳೆಯ ಕ್ರೇನ್ ಫಿಟ್ಟರನೊಬ್ಬನ ಟಿಪ್ಪಣಿ

ವಾಡಿಯ ಆಸುಪಾಸಿನ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಕ್ಲಿಂಕರ್ ಯಾರ್ಡಿನ ಗ್ರ್ಯಾಬ್ ಕ್ರೇನುಗಳನ್ನು ನೋಡಿಕೊಂಡವನು ನಾನು. ವೈರ್ ರೋಪು ಎಂದೊಡನೆ ನನಗೆ ನೆನಪಾಗುವುದು ಅದರ ಬಲವಲ್ಲ, ಸವೆತ. ಹೀಗಾಗಿ ಕಳೆದ ಬೇಸಿಗೆಯಲ್ಲಿ ನೌಕಾಪಡೆಯಲ್ಲಿರುವ ಅಕ್ಕನ ಮಗ ರಜೆಗೆಂದು ಕಲಬುರಗಿಗೆ ಬಂದಾಗ, ವಿಮಾನವಾಹಕ ನೌಕೆಯ ಮೇಲೆ ಇಳಿಯುವ ವಿಮಾನವನ್ನು ತಡೆಯುವ ರೋಪು ಎಷ್ಟು ದಿನ ಬಾಳುತ್ತದೆ ಎಂಬುದೇ ನನ್ನ ಮೊದಲ ಪ್ರಶ್ನೆಯಾಗಿತ್ತು. ಅವನು ನಕ್ಕು, “ಮಾಮಾ, ರೋಪ್ ಏನೂ ನಿಲ್ಲಸಂಗಿಲ್ಲ. ನಿಲ್ಲಸೋದೆಲ್ಲಾ ಡೆಕ್ಕಿನ ಕೆಳಗಿನ ಇಂಜಿನ್ ಅದ” ಎಂದ. ತನ್ನ ಹಡಗಿನ ವಿಷಯವಾಗಿ ಅದಕ್ಕಿಂತ ಹೆಚ್ಚು ಬಾಯಿ ಬಿಡಲಿಲ್ಲ, ಬಿಡಬಾರದು ಕೂಡ. ಆದ್ದರಿಂದ ಇಲ್ಲಿ ಬರೆಯುತ್ತಿರುವುದು ಬಹುಮಟ್ಟಿಗೆ ಅಮೆರಿಕದ ನೌಕೆಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ, ಎಲ್ಲರಿಗೂ ತಿಳಿದಿರುವ ‘ಮಾರ್ಕ್ 7’ ಎಂಬ ಯಂತ್ರದ ಬಗ್ಗೆ.

ಮೊದಲು ಕೆಲಸ ಎಷ್ಟು ದೊಡ್ಡದೆಂದು ಲೆಕ್ಕ ಹಾಕಿ ನೋಡೋಣ. 15 ಟನ್ ತೂಕದ ವಿಮಾನವೊಂದು ಗಂಟೆಗೆ 240 ಕಿಲೋಮೀಟರ್ ವೇಗದಲ್ಲಿ ಬಂದು 100 ಮೀಟರಿನೊಳಗೆ ನಿಲ್ಲಬೇಕೆಂದರೆ ಅದಕ್ಕೆ ಸಿಗುವುದು ಹೆಚ್ಚೂಕಡಿಮೆ ಮೂರು ಸೆಕೆಂಡು. ಆ ಮೂರು ಸೆಕೆಂಡಿನಲ್ಲಿ ಇಂಗಿಸಬೇಕಾದ ಶಕ್ತಿ ಸುಮಾರು 33 ಮೆಗಾಜೂಲ್. ಅದೇ ವಿಮಾನವನ್ನು 226 ಮೀಟರ್ ಎತ್ತರದಿಂದ, ಅಂದರೆ ನಾಲ್ಕು ಗೋಳಗುಮ್ಮಟಗಳನ್ನು ಒಂದರ ಮೇಲೊಂದು ಇಟ್ಟರೂ ಸಾಲದ ಎತ್ತರದಿಂದ, ಕೆಳಗೆ ಬಿಟ್ಟರೆ ಅದು ನೆಲ ಮುಟ್ಟುವಾಗ ಇರುವಷ್ಟು ಶಕ್ತಿ ಇದು. ಸಾಲದ್ದಕ್ಕೆ, ಚಕ್ರ ಡೆಕ್ಕಿಗೆ ತಾಗಿದ ಕೂಡಲೇ ಪೈಲಟ್ ಇಂಜಿನ್ನನ್ನು ತಗ್ಗಿಸುವ ಬದಲು ಪೂರ್ತಿ ಏರಿಸುತ್ತಾನೆ. ಬಾಲದ ಕೊಕ್ಕೆ ಯಾವ ರೋಪಿಗೂ ಸಿಗದೆ ಹೋದರೆ ಡೆಕ್ಕಿನ ಅಂಚು ಮುಗಿಯುವ ಮೊದಲೇ ಮತ್ತೆ ಹಾರಬೇಕಲ್ಲ! ಹೀಗಾಗಿ ಯಂತ್ರವು ವಿಮಾನದ ವೇಗವನ್ನಷ್ಟೇ ಅಲ್ಲ, ಅದರ ಇಂಜಿನ್ನಿನ ನೂಕನ್ನೂ ತಡೆದು ಹಿಡಿಯಬೇಕಾಗುತ್ತದೆ.

1911ರ ಜನವರಿ 18ರಂದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಯೂಜೀನ್ ಈಲಿ ಎಂಬ ಪೈಲಟ್ ಮೊದಲ ಬಾರಿಗೆ ಹಡಗಿನ ಮೇಲೆ ಇಳಿದಾಗ ಈ ಕೆಲಸ ಮಾಡಿದ್ದು ಮರಳಿನ ಚೀಲಗಳು. ಅಡ್ಡಲಾಗಿ ಕಟ್ಟಿದ ಹಗ್ಗಗಳ ಎರಡೂ ತುದಿಗೆ ಚೀಲ ಕಟ್ಟಲಾಗಿತ್ತು; ಕೊಕ್ಕೆಗೆ ಸಿಕ್ಕ ಹಗ್ಗಗಳು ಚೀಲಗಳನ್ನು ಎಳೆಯುತ್ತಾ ಹೋದಂತೆ ವಿಮಾನ ನಿಧಾನವಾಯಿತು. ಇಂದಿನ ಯಂತ್ರದ ತತ್ತ್ವವೂ ಅದೇ. ಮರಳಿನ ಜಾಗದಲ್ಲಿ ದ್ರವ ಬಂದಿದೆ, ಅಷ್ಟೆ.

ಡೆಕ್ಕಿನ ಮೇಲೆ ನಮಗೆ ಕಾಣುವ ಅಡ್ಡ ರೋಪು ಒಂದು ಚಿಕ್ಕ ತುಂಡು ಮಾತ್ರ. ಬಿಲ್ಲಿನಂತೆ ಬಾಗಿದ ಸ್ಪ್ರಿಂಗ್ ಪಟ್ಟಿಗಳು ಅದನ್ನು ಡೆಕ್ಕಿನಿಂದ ಕೆಲವು ಇಂಚು ಎತ್ತಿ ಹಿಡಿದಿರುತ್ತವೆ, ಕೊಕ್ಕೆ ಕೆಳಗೆ ತೂರಿ ಹಿಡಿಯಲಿ ಎಂದು. ಅದರ ಎರಡೂ ತುದಿಗೆ ಜೋಡಿಸಿದ ಉದ್ದನೆಯ ರೋಪುಗಳು ಡೆಕ್ಕಿನ ಕೆಳಗಿಳಿದು, ಗಡಗಡೆಗಳ ಮೇಲೆ ಹಾದು, ಒಂದು ದೊಡ್ಡ ಸಿಲಿಂಡರಿಗೆ ಬರುತ್ತವೆ. ಅಲ್ಲಿ ಎರಡು ಗಡಗಡೆ ಗುಂಪುಗಳಿವೆ. ಒಂದು ಸ್ಥಿರ, ಇನ್ನೊಂದು ಸಿಲಿಂಡರಿನೊಳಗೆ ಸರಿಯುವ ದಪ್ಪ ದಂಡವಾದ ರ‍್ಯಾಮ್‌ನ ತಲೆಯ ಮೇಲೆ ಚಲಿಸುವಂಥದು. ರೋಪು ಇವೆರಡರ ನಡುವೆ ಹದಿನೆಂಟು ಎಳೆಯಾಗಿ ಸುತ್ತಿಕೊಂಡಿರುತ್ತದೆ. ನಮ್ಮ ಕ್ರೇನಿನಲ್ಲಿ ಹೆಚ್ಚು ರೋಪು ಎಳೆದು ಕಡಿಮೆ ಎತ್ತರಕ್ಕೆ ಭಾರ ಎತ್ತುತ್ತೇವೆ; ಇಲ್ಲೂ ಲೆಕ್ಕ ಅದೇ, ರೋಪು ಎಳೆಯುವುದು ಮಾತ್ರ ವಿಮಾನ. ವಿಮಾನ ಸುಮಾರು ನೂರು ಮೀಟರ್ ಓಡಿದರೂ ಕೆಳಗಿನ ರ‍್ಯಾಮ್ ಸರಿಯುವುದು ಐದು ಮೀಟರಿನಷ್ಟೇ. ಹಡಗಿನ ಇಕ್ಕಟ್ಟಿನೊಳಗೆ ಇಂಥ ಯಂತ್ರವನ್ನು ಕೂರಿಸಲು ಸಾಧ್ಯವಾಗಿರುವುದು ಈ ಒಂದು ಯುಕ್ತಿಯಿಂದಲೇ ಎಂದು ನನ್ನ ಅನಿಸಿಕೆ.

ರ‍್ಯಾಮ್ ಒಳಗೆ ತಳ್ಳಿಸಿಕೊಂಡಾಗ ಸಿಲಿಂಡರಿನ ದ್ರವ, ಅಂದರೆ ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಜಾತಿಯದ್ದು, ಒಂದು ವಾಲ್ವಿನ ಕಿರಿದಾದ ಸಂದಿಯಿಂದ ನುಗ್ಗಿ ಪಕ್ಕದ ಅಕ್ಯುಮುಲೇಟರ್ ಎಂಬ ಟ್ಯಾಂಕಿನಲ್ಲಿರುವ ಗಾಳಿಯನ್ನು ಒತ್ತುತ್ತದೆ. ವಿಮಾನದ ಶಕ್ತಿಯ ಬಹುಪಾಲು ಆ ಸಂದಿಯಲ್ಲೇ ಬಿಸಿಯಾಗಿ ಕಳೆದುಹೋಗುತ್ತದೆ. ವಿಮಾನ ನಿಂತ ಮೇಲೆ ಒತ್ತಿಕೊಂಡ ಗಾಳಿಯೇ ದ್ರವವನ್ನು ಹಿಂದಕ್ಕೆ ದಬ್ಬಿ ರೋಪನ್ನು ಮೊದಲಿನ ಜಾಗಕ್ಕೆ ಎಳೆದುಕೊಳ್ಳುತ್ತದೆ. ಒಂದು ನಿಮಿಷದೊಳಗೆ ಮುಂದಿನ ವಿಮಾನಕ್ಕೆ ಎಲ್ಲವೂ ಸಿದ್ಧವಾಗಿರಬೇಕು.

ಇಡೀ ಯಂತ್ರದಲ್ಲಿ ನಾನು ಅತಿ ಹೆಚ್ಚು ಮೆಚ್ಚಿದ್ದು ಆ ವಾಲ್ವನ್ನೇ. ಪ್ರತಿ ವಿಮಾನ ಇಳಿಯುವ ಮೊದಲು ಅದರ ತೂಕಕ್ಕೆ ತಕ್ಕಂತೆ ಆಪರೇಟರ್ ಅದನ್ನು ಹೊಂದಿಸುತ್ತಾನೆ. ಭಾರದ ವಿಮಾನಕ್ಕೆ ಸಂದಿ ಕಿರಿದು, ಹಗುರದ್ದಕ್ಕೆ ಅಗಲ. ಆಮೇಲೆ ರ‍್ಯಾಮ್ ಸರಿದಂತೆಲ್ಲ ಅದರ ಚಲನೆಗೇ ಜೋಡಿಸಿದ ಕ್ಯಾಮ್, ಅಂದರೆ ತನ್ನ ಅಂಚಿನ ಆಕಾರದಿಂದ ಬೇರೆ ಭಾಗವನ್ನು ಸರಿಸುವ ಬಿಲ್ಲೆ, ಸಂದಿಯನ್ನು ಸ್ವಲ್ಪಸ್ವಲ್ಪವಾಗಿ ಮುಚ್ಚುತ್ತಾ ಬರುತ್ತದೆ. ಇದರಿಂದಾಗಿ ಹಗುರ ವಿಮಾನವಾಗಲಿ ಭಾರದ ವಿಮಾನವಾಗಲಿ ನಿಲ್ಲುವುದು ಹೆಚ್ಚುಕಡಿಮೆ ಒಂದೇ ದೂರದಲ್ಲಿ. ಕಂಪ್ಯೂಟರಿಲ್ಲದ ಕಾಲದಲ್ಲಿ ಕೇವಲ ಕ್ಯಾಮಿನ ಆಕಾರದಿಂದ ಇದನ್ನು ಸಾಧಿಸಿದವರಿಗೆ ಯಾವ ಫಿಟ್ಟರನಾದರೂ ಕೈಮುಗಿಯಬೇಕು.

ಇನ್ನು ನನ್ನ ಮೂಲ ಪ್ರಶ್ನೆ. ಮೇಲಿನ ಅಡ್ಡ ರೋಪಿನ ದಪ್ಪ ಸುಮಾರು 35 ಮಿಲಿಮೀಟರ್. ನಡುವಿನ ತಿರುಳಿನ ಸುತ್ತ ಉಕ್ಕಿನ ಆರು ಹುರಿ ಹೆಣೆದಿರುತ್ತದೆ. ಅಮೆರಿಕದ ನೌಕೆಗಳಲ್ಲಿ ಅದರ ಆಯುಸ್ಸು ನೂರು, ನೂರಿಪ್ಪತ್ತೈದು ಇಳಿತಗಳ ಆಸುಪಾಸು. ಅಷ್ಟಾದ ಮೇಲೆ ನೋಡಲು ಚೆನ್ನಾಗಿದ್ದರೂ ಅದನ್ನು ತೆಗೆದು ಹಾಕುತ್ತಾರೆ. ನಡುವೆ ತಂತಿಗಳು ಮುರಿದದ್ದೋ ರೋಪು ಮಡಚಿದ್ದೋ ಕಂಡರೆ ಅಷ್ಟು ದಿನವೂ ಕಾಯುವುದಿಲ್ಲ. ನಮ್ಮಲ್ಲೂ ಹುರಿಯ ಒಂದು ಪೂರ್ತಿ ಸುತ್ತಿನ ಉದ್ದದಲ್ಲಿ ಮುರಿದ ತಂತಿ ಎಷ್ಟೆಂದು ಎಣಿಸುತ್ತಿದ್ದೆವು, ವರ್ನಿಯರಿನಿಂದ ದಪ್ಪ ಅಳೆಯುತ್ತಿದ್ದೆವು, ಕಾಟನ್ ವೇಸ್ಟನ್ನು ರೋಪಿನುದ್ದಕ್ಕೂ ಎಳೆದು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡುತ್ತಿದ್ದೆವು. ಕೆಳಗಿನ ಉದ್ದನೆಯ ರೋಪು ಇದಕ್ಕಿಂತ ಬಹಳ ಕಾಲ ಬಾಳುತ್ತದೆ, ಆದರೆ ಅದರ ತುದಿ ಕಟ್ಟುವುದು ನಾಜೂಕಿನ ಕೆಲಸ. ತಂತಿಗಳನ್ನು ಪೊರಕೆಯಂತೆ ಬಿಡಿಸಿ, ಜಿಡ್ಡು ಹೋಗುವಂತೆ ತೊಳೆದು, ಸಾಕೆಟ್ಟಿನೊಳಗೆ ಇಟ್ಟು ಕರಗಿದ ಸತುವನ್ನು ಹೊಯ್ಯಬೇಕು. ಸತು ಕರಗುವುದು 420 ಡಿಗ್ರಿಯಲ್ಲಿ. ತಂತಿಯ ಮೇಲೆ ಎಣ್ಣೆಯ ಪಸೆ ಉಳಿದರೂ ಸತು ಹಿಡಿಯುವುದಿಲ್ಲ, ಮತ್ತು ಆ ದೋಷ ಹೊರಗಿನಿಂದ ಕಾಣುವುದಿಲ್ಲ.

ಗಡಗಡೆಯನ್ನು ಮಾತ್ರ ಯಾರೂ ಸಾಕಷ್ಟು ನೋಡುವುದಿಲ್ಲ ಎಂಬುದು ನನ್ನ ಹಳೆಯ ದೂರು. ಒಮ್ಮೆ ನಮ್ಮ ಕ್ರೇನಿಗೆ ಹಾಕಿದ ಹೊಸ ರೋಪು ಕೆಲವೇ ವಾರಗಳಲ್ಲಿ ತಂತಿ ಬಿಚ್ಚತೊಡಗಿತು. ಸರಬರಾಜುದಾರನನ್ನು ಬೈದು ಇನ್ನೊಂದು ಹಾಕಿದೆವು, ಅದೂ ಹಾಗೆಯೇ ಆಯಿತು. ಮೂರನೆಯದನ್ನು ಹಾಕುವ ಮೊದಲು ಗೇಜ್ ಇಟ್ಟು ನೋಡಿದರೆ, ಸವೆದು ತೆಳ್ಳಗಾಗಿದ್ದ ಹಳೆಯ ರೋಪು ಗಡಗಡೆಯ ಅಂಚಿನ ತೋಡನ್ನು ತನ್ನ ಅಳತೆಗೇ ಕೊರೆದಿಟ್ಟಿತ್ತು. ಪೂರ್ತಿ ದಪ್ಪದ ಹೊಸ ರೋಪನ್ನು ಅದು ಚಿವುಟುತ್ತಿತ್ತು. ತಪ್ಪು ನನ್ನದೇ. ಡೆಕ್ಕಿನ ಕೆಳಗಿನ ಅಷ್ಟೂ ಗಡಗಡೆಗಳನ್ನು ತಪಾಸಿಸುವ ಹುಡುಗರ ಬಗ್ಗೆ ನನಗೆ ಅನುಕಂಪವಿರುವುದು ಇದೇ ಕಾರಣಕ್ಕೆ.

ನಮ್ಮ ದೇಶದಲ್ಲಿ ಈ ಕಲೆ ಹೊಸದಲ್ಲ. ಹಳೆಯ ವಿಕ್ರಾಂತದ ಮೇಲೆ ಮೊದಲ ಜೆಟ್ ಇಳಿದದ್ದು 1961ರ ಮೇ 18ರಂದು. ಇಳಿಸಿದವರು ಮುಂದೆ ನೌಕಾಪಡೆಯ ಮುಖ್ಯಸ್ಥರಾದ ತಹಿಲಿಯಾನಿ. ಆಮೇಲೆ ವಿರಾಟದ ಸೀ ಹ್ಯಾರಿಯರುಗಳು ನೇರವಾಗಿ ಕೆಳಗಿಳಿಯುತ್ತಿದ್ದುದರಿಂದ ಅವಕ್ಕೆ ರೋಪಿನ ಅಗತ್ಯವಿರಲಿಲ್ಲ. ಈಗ ವಿಕ್ರಮಾದಿತ್ಯದಲ್ಲೂ ಹೊಸ ವಿಕ್ರಾಂತದಲ್ಲೂ ಮೂರು ಮೂರು ರೋಪುಗಳಿವೆ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್‌ನ ನೌಕಾ ಮಾದರಿ ಗೋವಾದ ನೆಲದ ಮೇಲಿನ ಪರೀಕ್ಷಾ ಕೇಂದ್ರದಲ್ಲಿ 2019ರ ಸೆಪ್ಟೆಂಬರಿನಲ್ಲಿ ಅಭ್ಯಾಸ ಮಾಡಿ, 2020ರ ಜನವರಿ 11ರಂದು ವಿಕ್ರಮಾದಿತ್ಯದ ಮೇಲೆ ರೋಪು ಹಿಡಿದು ನಿಂತಿತು.

ರೋಪು ಹರಿದರೆ ಏನಾಗುತ್ತದೆ? 2016ರ ಮಾರ್ಚಿನಲ್ಲಿ ಅಮೆರಿಕದ ಐಸೆನ್‌ಹೋವರ್ ನೌಕೆಯ ಮೇಲೆ ಇಳಿಯುತ್ತಿದ್ದ ಹಾಕ್‌ಐ ವಿಮಾನದ ರೋಪು ಹರಿದು, ಬೀಸಿದ ತುದಿ ಬಡಿದು ಎಂಟು ನಾವಿಕರು ಗಾಯಗೊಂಡರು. ವಿಮಾನ ಡೆಕ್ಕಿನಿಂದ ಕೆಳಗೆ ಜಾರಿ, ನೀರಿಗೆ ತಾಗುವ ಮುನ್ನ ಹೇಗೋ ಮೇಲೆದ್ದು ದಡ ಸೇರಿತು. ತನಿಖೆಯಲ್ಲಿ ದೋಷ ಕಂಡದ್ದು ರೋಪಿನಲ್ಲಲ್ಲ. ಅದಕ್ಕೂ ಮುಂಚೆ ನಡೆದ ದುರಸ್ತಿಯ ವೇಳೆ ಒಂದು ಹಂತ ತಪ್ಪಿಹೋಗಿ, ನಾನು ಮೇಲೆ ಹೊಗಳಿದ ಅದೇ ವಾಲ್ವು ತನ್ನ ಸರಿಯಾದ ಸ್ಥಾನದಿಂದ ಸರಿದು ಕೂತಿತ್ತು. ಯಂತ್ರ ತಡೆಯಬೇಕಾಗಿದ್ದ ಭಾರವೆಲ್ಲ ರೋಪಿನ ಮೇಲೆ ಬಿದ್ದಿತ್ತು.

ಇದನ್ನು ಅಳಿಯನಿಗೆ ಹೇಳಿದಾಗ ಅವನಿಗೆ ಅದು ಮೊದಲೇ ಗೊತ್ತಿತ್ತು. ಅಮೆರಿಕದವರ ಕ್ರಮದಲ್ಲಿ ಬರುವ ವಿಮಾನದ ತೂಕವನ್ನು ಮೇಲಿನವರು ಕೂಗಿ ಹೇಳುತ್ತಾರೆ, ಕೆಳಗಿನ ಆಪರೇಟರ್ ವಾಲ್ವಿನ ಅಂಕಿ ನೋಡಿ ಅದನ್ನೇ ತಿರುಗಿ ಕೂಗುತ್ತಾನೆ. ಎರಡೂ ಸರಿಹೊಂದಿದ ಮೇಲೆಯೇ ಡೆಕ್ ಸಿದ್ಧ ಎಂಬ ಹಸಿರು ದೀಪ. “ಅಂಕಿ ಸರಿ ಇದ್ರೂ ವಾಲ್ವ್ ಒಳಗ ಸರಿ ಕೂತಿಲ್ಲಾಂದ್ರ ಏನ್ ಮಾಡ್ತೀರಿ?” ಎಂದು ಕೇಳಿದೆ. “ಅದಕ್ಕೇ ಮಾಮಾ, ವಿಮಾನ ಬರೋಕಿಂತ ಮೊದಲ ಪುಸ್ತಕ ಹಿಡ್ಕೊಂಡು ಒಂದೊಂದೇ ಓದಿ ಟಿಕ್ ಹಾಕೋದು” ಎಂದು ಹೇಳಿ, ಅಕ್ಕ ಕಟ್ಟಿಕೊಟ್ಟ ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬ್ಯಾಗಿಗೆ ತುಂಬಿಕೊಂಡು ರಾತ್ರಿಯ ರೈಲು ಹತ್ತಿದ.